ನಮ್ಮ ಡೇಟಾ ಸೆಂಟರ್‌ನಲ್ಲಿ ಸರ್ವರ್ ಇಟ್ಟಿರುವ ಕಂಪನಿಗಳು ಕರೆಂಟ್ ಉಳಿಸಿದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕೆಂದಿದ್ದೇವೆ. ಎಷ್ಟು ಪರ್ಸೆಂಟ್ ಕೊಟ್ಟರೆ ಸರಿ?

ಪರ್ಸೆಂಟ್ ಮಾತು ಆಮೇಲೆ. ವೈಟ್‌ಫೀಲ್ಡ್ ಕಡೆಯ ಒಂದು ಕೊಲೊಕೇಶನ್ (ಬೇರೆ ಬೇರೆ ಕಂಪನಿಗಳು ಬಾಡಿಗೆಗೆ ಸರ್ವರ್ ಇಡುವ) ಸೆಂಟರ್‌ನಲ್ಲಿ ಫೆಸಿಲಿಟಿ ನೋಡಿಕೊಳ್ಳುತ್ತಿದ್ದಾಗ ನಾನೂ ಇದನ್ನೇ ಮಾಡಿದ್ದೆ.

ನಮ್ಮಲ್ಲೂ ರ‍್ಯಾಕಿಗೆ (ಸರ್ವರ್ ಇಡುವ ಕಪಾಟಿಗೆ) ಇಷ್ಟು ಅಂತ ಒಂದೇ ಬಾಡಿಗೆ, ಕರೆಂಟೂ ಅದರಲ್ಲೇ. ಸರ್ವರ್ ಅವರದು, ಬಿಲ್ ನಮ್ಮದು. ಕೆಲಸವಿಲ್ಲದ ಸರ್ವರನ್ನು ಆಫ್ ಮಾಡಿದರೆ ಅವರಿಗೇನು ಸಿಗುತ್ತೆ? ಹಾಗಾಗಿ ಎಲ್ಲರಿಗೂ ಮೇಲ್ ಹಾಕಿದೆ: ಮುಂದಿನ ತಿಂಗಳು ನಿಮ್ಮ ರ‍್ಯಾಕ್ ಎಷ್ಟು ಯೂನಿಟ್ ಎಳೆಯುತ್ತದೋ ಅದೇ ಹೋಲಿಕೆಯ ಅಳತೆ, ಅಂದರೆ ಬೇಸ್‌ಲೈನ್. ಆಮೇಲೆ ಅದಕ್ಕಿಂತ ಇಳಿಸಿದ ಪ್ರತಿ ಯೂನಿಟ್‌ಗೆ 2 ರೂಪಾಯಿ ವಾಪಸ್.

ತಪ್ಪಾಗಿದ್ದು ಆ "ಮುಂದಿನ ತಿಂಗಳು" ಅನ್ನೋ ಮಾತಿನಲ್ಲಿ. ಅಳತೆ ಯಾವಾಗ ಅಂತ ಮೊದಲೇ ಹೇಳಿಬಿಟ್ಟೆ. ಒಂದು ರ‍್ಯಾಕ್ ಯಾವಾಗಲೂ 2,400 ಯೂನಿಟ್ ಆಸುಪಾಸಿನಲ್ಲಿರುತ್ತಿತ್ತು. ಆ ತಿಂಗಳು 3,100 ಆಯಿತು. ಹೋಗಿ ಹಿಂದಿನ ಬಾಗಿಲು ತೆಗೆದೆ, ಬಿಸಿಗಾಳಿ ಮುಖಕ್ಕೆ ರಪ್ಪನೆ ಬಡಿಯಿತು. ಕೆಳಗಿನ ಸಾಲಿನಲ್ಲಿ ಧೂಳು ಹಿಡಿದ ಹಳೇ ಸರ್ವರ್‌ಗಳು, ಮೇಲೆ "ಸ್ಕ್ರ್ಯಾಪ್" ಅಂತ ಬರೆದ ಹಳದಿ ಟೇಪ್ ಇನ್ನೂ ಹಾಗೇ ಇತ್ತು. ಒಂದರಲ್ಲೂ ಕೆಲಸ ನಡೆಯುತ್ತಿರಲಿಲ್ಲ. ಆದರೆ ಸುಮ್ನೆ ಆನ್ ಇರುವ ಸರ್ವರ್ ಕೂಡ ಸಾಕಷ್ಟು ಕರೆಂಟ್ ತಿನ್ನುತ್ತದೆ. ಮರುತಿಂಗಳು ಅವನ್ನು ಆಫ್ ಮಾಡಿದರು, ಮತ್ತೆ 2,400. ಉಳಿಸದ 700 ಯೂನಿಟ್‌ಗೆ ನಾನು 1,400 ರೂಪಾಯಿ ಕೊಟ್ಟೆ. ಒಂದೇ ರ‍್ಯಾಕಿಗೆ, ಅದೂ ಪ್ರತಿ ತಿಂಗಳು.

ಅದಕ್ಕಿಂತ ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ. ಒಂದು ಸಣ್ಣ ಕಂಪನಿಯವರು ಮೊದಲೇ ವರ್ಚುವಲೈಸ್ ಮಾಡಿ, ಅಂದರೆ ಒಂದೇ ಸರ್ವರ್‌ನಲ್ಲಿ ಹಲವು ಸರ್ವರ್‌ಗಳ ಕೆಲಸ ನಡೆಯುವಂತೆ ಮಾಡಿ, ಎಂಟು ಸರ್ವರ್ ಕೆಲಸವನ್ನು ಮೂರಕ್ಕೆ ಇಳಿಸಿದ್ದರು. ಅವರಿಗೆ ಇಳಿಸಲು ಏನೂ ಉಳಿದಿರಲಿಲ್ಲ, ಒಂದು ಪೈಸೆಯೂ ಸಿಗಲಿಲ್ಲ. "ಸಾರ್, ನಾವು ಮೊದಲೇ ಉಳಿಸಿದ್ದು ತಪ್ಪಾ?" ಅಂತ ಅವರ ಅಡ್ಮಿನ್ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಹೇಳ್ತೀನಿ, ರಿಯಾಯಿತಿಯೇ ಬೇಡ. ಪ್ರತಿ ರ‍್ಯಾಕಿಗೂ ಮೀಟರ್ ಇರುವ ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪಟ್ಟಿ) ಹಾಕಿ, ಎಳೆದಷ್ಟು ಯೂನಿಟ್‌ಗೆ ಬಿಲ್ ಮಾಡಿ. ಕೂಲಿಂಗ್, ಯುಪಿಎಸ್ ಖರ್ಚಿಗೆ ಪಿಯುಇಯಿಂದ (ಸೆಂಟರ್ ಎಳೆಯುವ ಒಟ್ಟು ಕರೆಂಟನ್ನು ಸರ್ವರ್‌ಗಳು ಎಳೆಯುವ ಕರೆಂಟಿನಿಂದ ಭಾಗಿಸಿದರೆ ಬರುವ ಸಂಖ್ಯೆ) ಗುಣಿಸಿ. ಆದರೆ ಆ ಪಿಯುಇಯನ್ನು ಕರಾರಿನಲ್ಲೇ ಒಂದು ಸಂಖ್ಯೆಗೆ ಕಟ್ಟಿಹಾಕಿ, ಉದಾಹರಣೆಗೆ 1.6. ನಿಮ್ಮ ಚಿಲ್ಲರ್ (ತಂಪು ಮಾಡುವ ಯಂತ್ರ) ಜಾಸ್ತಿ ಕರೆಂಟ್ ತಿಂದರೆ ನಷ್ಟ ನಿಮಗೇ ಬರಲಿ. ಸರ್ವರ್‌ಗಳ ನಡುವಿನ ಖಾಲಿ ಜಾಗದಿಂದ ಬಿಸಿಗಾಳಿ ಮುಂದಕ್ಕೆ ನುಗ್ಗದಂತೆ ಮುಚ್ಚುವ ಬ್ಲ್ಯಾಂಕಿಂಗ್ ಪ್ಯಾನೆಲ್ ಹಾಕೋದು ಯಾರ ಕೆಲಸ, ಅವರದಾ ನಿಮ್ಮದಾ? ಕೂಲಿಂಗ್ ಮಾನದಂಡ ರೂಪಿಸುವ ಆಶ್ರೇ ಸಂಸ್ಥೆ ಸರ್ವರ್‌ಗೆ ಹೋಗುವ ಗಾಳಿ 27 ಡಿಗ್ರಿವರೆಗೂ ಇರಲು ಒಪ್ಪುತ್ತದೆ, ಆದರೂ ಹಾಲ್ ಅನ್ನು 20ರಲ್ಲಿ ಇಟ್ಟುಕೊಂಡು ಗ್ರಾಹಕರಿಗೆ "ಉಳಿಸಿ" ಅನ್ನೋದು ನ್ಯಾಯವಲ್ಲ.

ದುಡ್ಡು ವಾಪಸ್ ಕೊಡಲೇಬೇಕು ಅಂದರೆ ಪೀಕ್ ಹೊತ್ತಿಗೆ ಮಾತ್ರ ಕೊಡಿ. ಎಚ್‌ಟಿ (ಹೈ ಟೆನ್ಷನ್, ದೊಡ್ಡ ಬಳಕೆದಾರರ) ಬಿಲ್‌ನಲ್ಲಿ ಯೂನಿಟ್ ಲೆಕ್ಕದ ಜೊತೆ ಪೀಕ್‌ನಲ್ಲಿ ಎಳೆದ ಗರಿಷ್ಠ ಲೋಡಿಗೆ ಬೀಳುವ ಡಿಮ್ಯಾಂಡ್ ಚಾರ್ಜ್ ಬೇರೆ ಇದೆ, ಅಲ್ವಾ? ಇಂತಿಷ್ಟು ಕಿಲೋವ್ಯಾಟ್ ಇಳಿಸಲು ಎಷ್ಟು ಕೇಳುತ್ತೀರಿ ಅಂತ ಗ್ರಾಹಕರನ್ನೇ ಕೇಳಿ, ಕಡಿಮೆ ಕೇಳಿದವರಿಂದ ಶುರು ಮಾಡಿ. ಬೇಸ್‌ಲೈನ್‌ಗೆ ಕಳೆದ ಹನ್ನೆರಡು ತಿಂಗಳ ರೀಡಿಂಗ್ ತೆಗೆದುಕೊಳ್ಳಿ. ಅಷ್ಟು ರೀಡಿಂಗ್ ಇಲ್ಲದಿದ್ದರೆ ಈಗಲೇ ಮೀಟರ್ ಹಾಕಿಸಿ, ಸ್ಕೀಮ್ ವಿಷಯ ಒಂದು ವರ್ಷ ಯಾರಿಗೂ ಬಾಯಿ ಬಿಡಬೇಡಿ.