ಓದುಗರ ಪ್ರಶ್ನೆ: ಟಾರ್ಪಿಡೊ ಯಾಕೆ ತಾಗುತ್ತಿಲ್ಲ?

ಪ್ರಶ್ನೆ: ಸೈಲೆಂಟ್ ಹಂಟರ್ 3 ಅನ್ನುವ ಸಬ್‌ಮೆರೀನ್ ಕಂಪ್ಯೂಟರ್ ಆಟ ಆಡುತ್ತಿದ್ದೇನೆ. ಗುರಿಯನ್ನು ಕಂಪ್ಯೂಟರಿಗೆ ಬಿಟ್ಟರೆ ಹಡಗು ಮುಳುಗುತ್ತದೆ, ಮ್ಯಾನುಯಲ್‌ಗೆ ಹಾಕಿದರೆ ಒಂದು ಟಾರ್ಪಿಡೊನೂ ತಾಗಲ್ಲ. ದೂರ, ವೇಗ, ಕೋನ ಅಂತ ಹೊಂದಿಸುವಷ್ಟರಲ್ಲಿ ಹಡಗೇ ಇರುವುದಿಲ್ಲ. ಸುಲಭದ ದಾರಿ ಇದೆಯಾ?
— ಡಿಗ್ರಿ ವಿದ್ಯಾರ್ಥಿ, ಮಂಡ್ಯ

ಉತ್ತರ: ಇದೆ. ಮೊದಲು ದೂರ ಅಳೆಯುವುದನ್ನು ಬಿಟ್ಟುಬಿಡಿ. ಅಲೆಯಲ್ಲಿ ಕುಣಿಯುವ ಪೆರಿಸ್ಕೋಪಿನಲ್ಲಿ ಹಡಗಿನ ಮಾಸ್ಟ್ (ಕಂಬ) ತುದಿಗೆ ಗೆರೆ ಕೂಡಿಸುತ್ತಾ ಕೂತರೆ ಹಡಗು ಹೋಗದೆ ಇನ್ನೇನು? ಮ್ಯಾಪಿನಲ್ಲಿ ಹಡಗು ಇರುವ ಜಾಗ ಎರಡು ಸಲ ಗುರುತು ಮಾಡಿ, ಸ್ಕೇಲ್ ಹಿಡಿದು ಅದರ ದಾರಿ ಎಳೆಯಿರಿ. ಆ ದಾರಿಗೆ ಸರಿಯಾಗಿ 90 ಡಿಗ್ರಿಗೆ ನಿಮ್ಮ ಸಬ್‌ಮೆರೀನಿನ ಮೂತಿ ತಿರುಗಿಸಿ, ನಿಂತು ಕಾಯಿರಿ. ಟಾರ್ಪಿಡೊ ಎಲ್ಲೂ ತಿರುಗದೆ ನೇರ ಓಡಿದರೆ ದೂರದ ಲೆಕ್ಕವೇ ಬೇಡ, ಯಾಕೆಂದರೆ ದೂರ ಎರಡರಷ್ಟಾದರೆ ಟಾರ್ಪಿಡೊ ಓಡುವ ಸಮಯವೂ ಎರಡರಷ್ಟು, ಅಷ್ಟರಲ್ಲಿ ಹಡಗು ಸಾಗುವುದೂ ಎರಡರಷ್ಟು, ಕೋನ ಮಾತ್ರ ಅದೇ.

ಇನ್ನು ಉಳಿದದ್ದು ವೇಗ. ಇಲ್ಲೇ ಎಲ್ಲ ಇರುವುದು. ಪೆರಿಸ್ಕೋಪನ್ನು ಅಲುಗಾಡಿಸದೆ ಇಡಿ. ಹಡಗಿನ ಮೂತಿ ನಡುಗೆರೆಗೆ ತಾಗಿದಾಗ ಸ್ಟಾಪ್‌ವಾಚ್ ಒತ್ತಿ, ಬಾಲ ದಾಟಿದಾಗ ನಿಲ್ಲಿಸಿ. ಹಡಗಿನ ಉದ್ದವನ್ನು (ಮೀಟರಿನಲ್ಲಿ) ಸೆಕೆಂಡಿನಿಂದ ಭಾಗಿಸಿ 1.94ರಿಂದ ಗುಣಿಸಿದರೆ ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲಿ) ಲೆಕ್ಕದಲ್ಲಿ ವೇಗ ಸಿಗುತ್ತದೆ. ಎರಡನೇ ಮಹಾಯುದ್ಧದ ಅಮೆರಿಕದ ಸರಕು ಹಡಗು ಲಿಬರ್ಟಿಯ ಉದ್ದ ಸುಮಾರು 134.6 ಮೀಟರ್. ದಾಟಲು 24 ಸೆಕೆಂಡ್ ಹಿಡಿದರೆ 11 ನಾಟ್, ನಿಜವಾದ ಲಿಬರ್ಟಿಗಳ ವೇಗವೂ ಅಷ್ಟೇ. ಕೈ ಪಳಗಬೇಕಾ? ಮಂಡ್ಯ ಸ್ಟೇಷನ್ನಿನಲ್ಲಿ ಕಂಬದ ಹಿಂದೆ ನಿಂತು ರೈಲಿನ ಒಂದು ಬೋಗಿ ದಾಟುವ ಸಮಯ ನೋಡಿ, ಲೆಕ್ಕ ಇದೇ.

ಆಮೇಲೆ ಮುಂಗೋನ, ಅಂದರೆ ಹಡಗು ಸಾಗುವ ಜಾಗಕ್ಕೆ ಟಾರ್ಪಿಡೊ ಸೇರುವಂತೆ ಮುಂಚೆಯೇ ಬಿಡುವ ಕೋನ. ಹಡಗಿನ ವೇಗ 11, ಟಾರ್ಪಿಡೊ ವೇಗ 30, ಅದಕ್ಕೆ 20 ಡಿಗ್ರಿ. ಹಡಗು ಎಡದಿಂದ ಬರುತ್ತಿದ್ದರೆ ಪೆರಿಸ್ಕೋಪನ್ನು 340 ಡಿಗ್ರಿಗೆ (ನೇರ ಮುಂದೆ ಅಂದರೆ ಸೊನ್ನೆ) ಇಡಿ, ಬಲದಿಂದಾದರೆ 20ಕ್ಕೆ. ಡಯಲ್‌ನಲ್ಲಿ ಆಂಗಲ್ ಆನ್ ದಿ ಬೋ (ಹಡಗಿನ ಮೂತಿಯಿಂದ ನೋಡಿದರೆ ನೀವಿರುವ ಕೋನ) 70 ಹಾಕಿ, ಎಡದಿಂದ ಬರುವ ಹಡಗಿಗೆ ಅದರ ಬಲಬದಿ, ಅಂದರೆ ಸ್ಟಾರ್‌ಬೋರ್ಡ್ 70. ಗೈರೋ ಕೋನ (ಬಿಟ್ಟ ಮೇಲೆ ಟಾರ್ಪಿಡೊ ತಿರುಗುವ ಕೋನ) ಸೊನ್ನೆಗೆ ಬಂದಿರಬೇಕು. ಹಡಗಿನ ನಡುಭಾಗ ಗೆರೆಗೆ ಬಂದಾಗ ಬಿಡಿ.

ವೇಗ ತಪ್ಪಿದರೆ ಏನಾಗುತ್ತದೆ ನೋಡಿ. 30 ನಾಟಿನ ಟಾರ್ಪಿಡೊಗೆ 1000 ಮೀಟರ್ ಓಡಲು 65 ಸೆಕೆಂಡ್ ಬೇಕು. 1 ನಾಟ್ ತಪ್ಪಿದರೆ 33 ಮೀಟರ್ ಆಚೀಚೆ, 2 ನಾಟ್ ತಪ್ಪಿದರೆ ಲಿಬರ್ಟಿಯ ತುದಿಯನ್ನು ಸವರಿಕೊಂಡು ಹೋಗುತ್ತದೆ. ಹಾಗಾಗಿ ಹತ್ತಿರ ಹೋಗಿ, ಆದರೆ ಜಾಸ್ತಿ ಹತ್ತಿರ ಬೇಡ. ಆಟದಲ್ಲಿ ಟಾರ್ಪಿಡೊ ಸುಮಾರು 300 ಮೀಟರ್ ಓಡುವ ತನಕ ಸಿಡಿಯುವುದಿಲ್ಲ, ಹಡಗಿಗೆ ಬಡಿದು ಠಣ್ ಅಂತ ಸದ್ದು ಮಾಡುತ್ತದೆ ಅಷ್ಟೇ. 700–800 ಮೀಟರ್ ಹಿತವಾದ ದೂರ.

ಪ್ರಶ್ನೆ: ಇದೇ ಜರ್ಮನ್ ಸಬ್‌ಮೆರೀನ್ ಆಟದಲ್ಲಿ ಜಿ7ಎ ಟಾರ್ಪಿಡೊ ಒಳ್ಳೆಯದಾ, ಜಿ7ಇ ಒಳ್ಳೆಯದಾ?
— ಕುವೆಂಪುನಗರ, ಮೈಸೂರು

ಉತ್ತರ: ಜಿ7ಎಗೆ 44 ನಾಟ್ ತನಕ ವೇಗ ಇದೆ, ಆದರೆ ಹಿಂದೆ ಗುಳ್ಳೆಗಳ ಗೆರೆ ಬಿಡುತ್ತದೆ. ಜಿ7ಇ ಬ್ಯಾಟರಿಯದು, 30 ನಾಟ್, ಗುಳ್ಳೆ ಇಲ್ಲ. ಹಗಲಿಗೆ ಬ್ಯಾಟರಿಯದು, ರಾತ್ರಿಗೆ ಯಾವುದಾದರೂ. ಮುಂಗೋನ ಮಾತ್ರ ಮತ್ತೆ ಲೆಕ್ಕ ಹಾಕಿ. 11 ನಾಟಿನ ಹಡಗಿಗೆ 44 ನಾಟಿನಲ್ಲಿ ಬಿಟ್ಟರೆ 14 ಡಿಗ್ರಿ ಸಾಕು.

ಪ್ರಶ್ನೆ: ಮಗ ಪಿಯುಸಿ. ಆಟ ಆಡುತ್ತಾ ಟ್ಯಾನ್ ಟೇಬಲ್ ತೆಗೆದು ಕೂರುತ್ತಾನೆ. ಇದೆಲ್ಲ ಈಗ ಯಾರಿಗೆ ಬೇಕು, ಸುಮ್ನೆ ಕಾಲಹರಣ ಅಲ್ವಾ?
— ಒಬ್ಬ ತಾಯಿ, ಸರಸ್ವತಿಪುರಂ, ಮೈಸೂರು

ಉತ್ತರ: ಟೇಬಲ್ ಕಿತ್ತುಕೊಳ್ಳಬೇಡಿ! 11ನ್ನು 30ರಿಂದ ಭಾಗಿಸಿದರೆ 0.367, ಅದು ಯಾವ ಕೋನದ ಟ್ಯಾನ್ ಅಂತ ಹುಡುಕುವುದೇ ಮೇಲೆ ಹೇಳಿದ 20 ಡಿಗ್ರಿ. 1982ರ ಮೇ 2ರಂದು ಬ್ರಿಟನ್ನಿನ ಕಾಂಕರರ್ ಸಬ್‌ಮೆರೀನು ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಅರ್ಜೆಂಟೀನಾದ ಯುದ್ಧನೌಕೆ ಬೆಲ್‌ಗ್ರಾನೊವನ್ನು ಮುಳುಗಿಸಿದ್ದು ಹೀಗೆ ನೇರ ಓಡುವ ಹಳೇ ಮಾರ್ಕ್ 8 ಟಾರ್ಪಿಡೊಗಳಿಂದ. ಮೂರು ಬಿಟ್ಟರು, ಎರಡು ತಾಗಿದವು. ಅದರಲ್ಲಿ 323 ಜನ ಸತ್ತರು, ಅದನ್ನೂ ಮಗನಿಗೆ ಹೇಳಿ. ಆಟದ ಹೊತ್ತು ಎಷ್ಟು ಅನ್ನುವುದು ನಿಮಗೂ ಅವನಿಗೂ ಬಿಟ್ಟದ್ದು.