ಓದುಗರ ಪ್ರಶ್ನೆ, ನಮ್ಮ ಬಳಗದ ಉತ್ತರ: ಮೊಂಬಾಸಾದ ದನಿ, ಮುಧೋಳದ ಮೈಕು

ಪ್ರಶ್ನೆ: 2025ರಲ್ಲಿ ತೀರಿಕೊಂಡ ಕೀನ್ಯಾದ ಕಾಮೆಂಟೇಟರ್ ಲಿಯೊನಾರ್ಡ್ ಮಾಂಬೊ ಎಂಬೊಟೇಲಾ ಅವರನ್ನು ಅಲ್ಲಿನ ಜನ ಮನೆಯ ಹಿರಿಯರಂತೆ ನೆನೆಯುತ್ತಾರಂತೆ. ಫುಟ್‌ಬಾಲ್ ವರ್ಣಿಸಿದ್ದಕ್ಕೇ ಅಷ್ಟು ಗೌರವವೇ?
*ಟಿಳಕವಾಡಿ, ಬೆಳಗಾವಿಯಿಂದ ಒಬ್ಬ ಓದುಗರು*

ಫುಟ್‌ಬಾಲಿನಿಂದ ಶುರುವಾದ ಗೌರವ ಅದು, ಅಲ್ಲಿಗೇ ನಿಲ್ಲಲಿಲ್ಲ. ಎಂಬೊಟೇಲಾ 1940ರಲ್ಲಿ ಹುಟ್ಟಿದವರು, ಮೊಂಬಾಸಾದ ಫ್ರಿಯರ್‌ಟೌನ್ ಮೂಲದ ಮನೆತನ. ಆ ಊರಿನ ಹೆಸರಿಗೆ ನಮ್ಮ ಕಡೆಯ ನಂಟೂ ಇದೆ. ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1862ರಿಂದ 1867ರವರೆಗೆ ಗವರ್ನರ್ ಆಗಿದ್ದ ಸರ್ ಬಾರ್ಟಲ್ ಫ್ರಿಯರ್ ಹೆಸರನ್ನೇ ಅದಕ್ಕೆ ಇಟ್ಟದ್ದು. ಗುಲಾಮರ ಹಡಗುಗಳಿಂದ ಬಿಡಿಸಿದ ಆಫ್ರಿಕನ್ನರಿಗಾಗಿ 1870ರ ದಶಕದಲ್ಲಿ ಕಟ್ಟಿದ ವಸತಿ ಅದು. ನಾಸಿಕದ ಮಿಶನ್ ಆಶ್ರಯದಲ್ಲಿ ಬೆಳೆದ ಆಫ್ರಿಕನ್ನರೂ ಅಲ್ಲಿಗೆ ಹೋಗಿ ನೆಲೆಸಿದರು.

1964ರಲ್ಲಿ ಎಂಬೊಟೇಲಾ ಸರ್ಕಾರಿ ಬಾನುಲಿ ‘ವಾಯ್ಸ್ ಆಫ್ ಕೀನ್ಯಾ’ ಸೇರಿದರು. ದೇಶ ಸ್ವತಂತ್ರವಾಗಿ ಆಗಿನ್ನೂ ತಿಂಗಳುಗಳಷ್ಟೇ. ಹಳ್ಳಿಯಲ್ಲಿ ಟಿವಿ ಇಲ್ಲ, ಇಡೀ ಓಣಿಗೆ ಒಂದು ರೇಡಿಯೊ. ಅವರು ಆಟವನ್ನು ಸ್ವಾಹಿಲಿಯಲ್ಲಿ ಹೇಳಿದರು. ಸ್ವಾಹಿಲಿಯಲ್ಲಿ ಗೋಲ್‌ಕೀಪರ್‌ಗೆ ‘ಮ್ಲಿಂಡಾ ಮ್ಲಾಂಗೊ’ ಎನ್ನುತ್ತಾರೆ, ಅಂದರೆ ಬಾಗಿಲು ಕಾಯುವವ. ಮೈದಾನವನ್ನೇ ಕಾಣದ ಅಜ್ಜಿಗೂ ಆ ಒಂದು ಮಾತಿಗೆ ಆಟ ಅರ್ಥವಾಗಿಬಿಡುತ್ತದೆ. ಆದರೆ ಕಾರ್ನರ್ ಅಲ್ಲಿ ‘ಕೋನಾ’ ಆಗಿಯೇ ಉಳಿಯಿತು, ರೆಫರಿ ‘ರೆಫಾ’ ಆಗಿಯೇ ಉಳಿದ. ಜನರ ಬಾಯಲ್ಲಿ ಆಗಲೇ ಕೂತ ಪದವನ್ನು ಕಿತ್ತು ಹೊಸದು ನೆಡುವ ಹಟ ಅವರಿಗಿರಲಿಲ್ಲ. ಕನ್ನಡ ಕಾಮೆಂಟರಿ ಮಾಡುವವರು ಇದನ್ನು ಕಲಿಯಬೇಕು.

1966ರಲ್ಲಿ ಅವರು ಶುರು ಮಾಡಿದ ‘ಜೆ, ಹೂ ನಿ ಉಂಗ್ವಾನಾ?’ ಕಾರ್ಯಕ್ರಮ ಐದು ದಶಕ ದಾಟಿ ನಡೆಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಇದು ಮರ್ಯಾದಸ್ಥರು ಮಾಡೋ ಕೆಲಸ ಏನ್ರೀ?’ ದಿನನಿತ್ಯದ ಅಸಭ್ಯ ನಡತೆಯನ್ನು ಒಂದೊಂದಾಗಿ ಎತ್ತಿ ತೋರಿಸಿ ಕೊನೆಗೆ ಈ ಪ್ರಶ್ನೆ ಕೇಳುವುದು. ‘ಉಂಗ್ವಾನಾ’ ಎಂದರೆ ಇವತ್ತು ಸಭ್ಯತೆ. ಹಳೆಯ ಕರಾವಳಿ ಸ್ವಾಹಿಲಿಯಲ್ಲಿ ಅದರ ಅರ್ಥ ಗುಲಾಮನಲ್ಲದೆ ಹುಟ್ಟಿದವನ ಘನತೆ. ಬಿಡುಗಡೆಯಾದ ಗುಲಾಮರ ಊರಿನ ಮೂಲದವರು ಆ ಪದ ಹಿಡಿದು ಇಡೀ ದೇಶಕ್ಕೆ ನಡತೆ ಹೇಳಿದರು ಎಂಬುದನ್ನು ನೆನೆದಾಗ ಮೈ ಜುಮ್ಮೆನ್ನುತ್ತದೆ.

1982ರ ಆಗಸ್ಟ್ 1, ಭಾನುವಾರ. ವಾಯುಪಡೆಯ ಕೆಲ ಸೈನಿಕರು ದಂಗೆಯೆದ್ದು ಎಂಬೊಟೇಲಾ ಅವರನ್ನು ಮನೆಯಿಂದ ಬಾನುಲಿ ನಿಲಯಕ್ಕೆ ಎಳೆತಂದು, ಬಂದೂಕಿನ ಮುಂದೆ ಕೂರಿಸಿ, ಸರ್ಕಾರ ಬಿದ್ದಿದೆ ಎಂದು ಓದಿಸಿದರು. ನಿಷ್ಠ ಸೇನೆ ನಿಲಯವನ್ನು ಮರಳಿ ಹಿಡಿದ ಮೇಲೆ ಸರ್ಕಾರ ಉಳಿದಿದೆ ಎಂದು ಸಾರಿದ್ದೂ ಅವರ ದನಿಯೇ. ದಂಗೆಕೋರರು ಅವರನ್ನೇ ಹುಡುಕಿಕೊಂಡು ಹೋದದ್ದು ಯಾಕೆಂದರೆ, ಆ ದನಿ ಹೇಳಿದರೆ ಜನ ನಂಬುತ್ತಾರೆ ಎಂದು ಅವರಿಗೂ ಗೊತ್ತಿತ್ತು. ಮೈದಾನದಿಂದ ವರ್ಷಗಟ್ಟಲೆ ಸ್ಕೋರನ್ನು ಸರಿಯಾಗಿ ಹೇಳಿ ಗಳಿಸಿದ ನಂಬಿಕೆ ಅದು. 2025ರ ಫೆಬ್ರುವರಿ 7ರಂದು ತೀರಿಕೊಂಡಾಗ ಅವರಿಗೆ 84.

ಪ್ರಶ್ನೆ: ಜಾತ್ರೆ ಕಬಡ್ಡಿಗೆ ಕಾಮೆಂಟರಿ ಮಾಡ್ತೀನ್ರಿ. ಮೂರನೇ ಪಂದ್ಯಕ್ಕ ಗಂಟಲ ಕಟ್ಟತೈತಿ, ಮೈಕ್ ಕುಂಯ್ ಅಂತೈತಿ. ಏನ್ ಮಾಡ್ಲಿ?
*ಮುಧೋಳ ತಾಲೂಕಿನ ಯುವಕ*

ಗಂಟಲು ಕಟ್ಟುವುದಕ್ಕೆ ಬಹುತೇಕ ಮೈಕೇ ಕಾರಣ. ನಿಮ್ಮ ದನಿ ನಿಮಗೇ ಕೇಳಿಸದಿದ್ದರೆ ಗೊತ್ತಿಲ್ಲದೆ ಕೂಗುತ್ತೀರಿ. ಮೊದಲು ಹಾರ್ನ್‌ಗಳನ್ನು ನೋಡಿ. ಅವು ನಿಮ್ಮ ಮೇಜಿಗಿಂತ ಮುಂದೆ ಇರಬೇಕು, ಬಾಯಿ ಜನರ ಕಡೆ ತಿರುಗಿರಬೇಕು. ಹಾರ್ನಿನ ದನಿ ಮತ್ತೆ ಮೈಕಿಗೆ ಹೊಕ್ಕು, ಮತ್ತೆ ಹಾರ್ನಿಗೆ ಹೋಗಿ ಸುತ್ತುವುದರಿಂದಲೇ ಆ ಕುಂಯ್ ಸದ್ದು. ಸದ್ದು ಬಂದ ಕೂಡಲೇ ಮೈಕಿನ ಜಾಳಿಗೆಯನ್ನು ಅಂಗೈಯಿಂದ ಮುಚ್ಚುವವರಿದ್ದಾರೆ. ಅದು ತಪ್ಪು. ಮುಂದಿನ ದನಿಯನ್ನಷ್ಟೇ ಹಿಡಿಯುವಂತೆ ಮಾಡಿದ ಮೈಕನ್ನು ಮುಚ್ಚಿದರೆ ಅದು ಸುತ್ತಲಿನದ್ದನ್ನೆಲ್ಲ ಹಿಡಿಯತೊಡಗುತ್ತದೆ, ಸೀಟಿ ಹೆಚ್ಚುತ್ತದೆ. ಹಿಡಿ ಹಿಡಿದುಕೊಳ್ಳಿ, ತಲೆ ಬಿಡಿ.

ಮಾಮೂಲಿ ಮಾತಿಗೆ ಮೈಕು ತುಟಿಯಿಂದ ನಾಲ್ಕು ಬೆರಳು ದೂರ ಸಾಕು. ಸೂಪರ್ ಟ್ಯಾಕಲ್ (ಮೂರು ಅಥವಾ ಅದಕ್ಕಿಂತ ಕಡಿಮೆ ಮಂದಿ ಸೇರಿ ರೇಡರ್‌ನನ್ನು ಹಿಡಿಯುವುದು) ಆಗಿ ದನಿ ಏರಿತೆಂದರೆ ಒಂದು ಗೇಣು ದೂರ ಸರಿಸಿ, ಇಲ್ಲದಿದ್ದರೆ ದನಿ ಒಡೆದು ಹೆಸರೇ ತಿಳಿಯುವುದಿಲ್ಲ. ಪ, ಫ, ಭ ಬಂದಾಗ ‘ಧಪ್’ ಎಂದರೆ ಮೈಕನ್ನು ಬಾಯಿಯ ನೇರಕ್ಕೆ ಹಿಡಿಯದೆ ಕೆನ್ನೆಯ ಬದಿಗೆ ಓರೆಯಾಗಿ ಹಿಡಿಯಿರಿ. ಹಾರ್ನ್ 100 ಮೀಟರ್ ದೂರವಿದ್ದರೆ ನಿಮ್ಮದೇ ಮಾತು ಸುಮಾರು 0.3 ಸೆಕೆಂಡ್ ತಡವಾಗಿ ಕಿವಿಗೆ ಬರುತ್ತದೆ, ನಾಲಿಗೆ ತೊಡರುತ್ತದೆ. ಹತ್ತಿರದಲ್ಲೊಂದು ಸಣ್ಣ ಸ್ಪೀಕರ್ ಇಟ್ಟುಕೊಳ್ಳಿ, ವಾಕ್ಯ ಚಿಕ್ಕದಿರಲಿ.

ಇನ್ನು ಉಸಿರಿನ ಲೆಕ್ಕ. ಪಂದ್ಯ 20+20 ನಿಮಿಷ, ಒಂದು ರೇಡಿಗೆ 30 ಸೆಕೆಂಡ್. ಎಲ್ಲ ರೇಡೂ ಪೂರ್ತಿ ಹೊತ್ತು ನಡೆದರೂ 80 ಸಲ. ಎಂಬತ್ತಕ್ಕೂ ಕೂಗಿದರೆ ಯಾವ ಗಂಟಲೂ ಬಾಳದು. ರೇಡರ್ ಗೆರೆ ದಾಟುವಾಗ ಸಮ ದನಿಯಲ್ಲಿ ಹೆಸರು ಮತ್ತು ಎದುರಿಗೆ ಎಷ್ಟು ಜನ ಎಂಬುದನ್ನಷ್ಟೇ ಹೇಳಿ: ‘ರೇಡಿಗೆ ಏಳು ನಂಬರ್, ಎದುರಿಗೆ ಐದು ಮಂದಿ.’ ಬೋನಸ್ ಗೆರೆ (ದಾಟಿದರೆ ಒಂದು ಹೆಚ್ಚುವರಿ ಅಂಕ) ಲೆಕ್ಕಕ್ಕೆ ಬರುವುದು ಎದುರಿಗೆ ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ. ಐದು ಎಂದು ಹೇಳಿದರೆ ಬಲ್ಲ ಪ್ರೇಕ್ಷಕನಿಗೆ ಉಳಿದದ್ದು ತಿಳಿಯಿತು. ನಡುವೆ ಹತ್ತು ಸೆಕೆಂಡ್ ಸುಮ್ಮನಿರಿ. ‘ಕಬಡ್ಡಿ ಕಬಡ್ಡಿ’ ಎಂಬ ಉಸಿರನ್ನು ಜನ ಕೇಳಲಿ. ಮುಟ್ಟಿದಾಗಲೋ ಹಿಡಿದಾಗಲೋ ಮಾತ್ರ ದನಿ ಏರಿಸಿ, ಕೂಡಲೇ ಸ್ಕೋರ್ ಹೇಳಿ. ಸ್ಕೋರ್ ಹೇಳದೆ ಪ್ರಾಯೋಜಕರ ಹೆಸರು ಹೇಳುವುದು ದೊಡ್ಡ ತಪ್ಪು.

ಪಂದ್ಯಕ್ಕೆ ಮುಂಚೆ ಗಿರ್ಮಿಟ್ ಬೇಡ, ಚುರಮುರಿಯ ಚೂರು ಗಂಟಲಿಗೆ ಅಂಟುತ್ತದೆ. ಖಾರದ ಮಿರ್ಚಿಯೂ ಬೇಡ, ಹುಳಿ ತೇಗು ದನಿನಾಳವನ್ನು ಸುಡುತ್ತದೆ. ಉಗುರುಬೆಚ್ಚಗಿನ ನೀರನ್ನು ಪ್ರತಿ ಟೈಮ್‌ಔಟ್‌ಗೆ ಎರಡು ಗುಟುಕು ಕುಡಿಯಿರಿ. ಗಂಟಲು ಕಟ್ಟಿದ ಮೇಲೆ ಪಿಸುಗುಟ್ಟಬೇಡಿ, ಅದೂ ಶ್ರಮವೇ. ಪೂರ್ತಿ ಮೌನವಾಗಿರಿ. ಮೂರು ವಾರ ಕಳೆದರೂ ದನಿ ಒರಟಾಗಿಯೇ ಉಳಿದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು.

ಪ್ರಶ್ನೆ: ದಕ್ಷಿಣ ಆಫ್ರಿಕಾದಲ್ಲಿ ಗೋಲಾದಾಗ ‘ಲದೂಮಾ’ ಎನ್ನುತ್ತಾರಲ್ಲ, ಏನದು?
*ಬಾಗಲಕೋಟೆ ನವನಗರದ ವಿದ್ಯಾರ್ಥಿನಿ*

ಜುಲು ಮಾತು, ‘ಗುಡುಗಿತು’ ಎಂದರ್ಥ. ಅದನ್ನು ಮನೆಮಾತು ಮಾಡಿದವರು ಜುಲು ಕಾಮೆಂಟೇಟರ್ ಝಾಮಾ ಮಸೋಂಡೊ.

ಪ್ರಶ್ನೆ: ರೇಡಿಯೊ ಶೈಲಿಯ ಕಾಮೆಂಟರಿ ಮನೆಯಲ್ಲೇ ರೂಢಿ ಮಾಡುವುದು ಹೇಗೆ?
*ಇಂಡಿ, ವಿಜಯಪುರ ಜಿಲ್ಲೆ*

ಟಿವಿಯ ಸದ್ದು ಬಂದ್ ಮಾಡಿ, ಹತ್ತು ನಿಮಿಷದ ಆಟವನ್ನು ಮೊಬೈಲಿನಲ್ಲಿ ಹೇಳಿ ರೆಕಾರ್ಡ್ ಮಾಡಿ. ಆಟ ನೋಡದ ಗೆಳೆಯನಿಗೆ ಕೇಳಿಸಿ. ನಡುವೆ ಎಲ್ಲೆಂದರಲ್ಲಿ ನಿಲ್ಲಿಸಿ ಮೂರೇ ಪ್ರಶ್ನೆ ಕೇಳಿ: ಸ್ಕೋರ್ ಎಷ್ಟು, ಚೆಂಡು ಎಲ್ಲಿದೆ, ಎಷ್ಟು ಹೊತ್ತು ಉಳಿದಿದೆ? ತಡವರಿಸಿದರೆ ತಪ್ಪು ನಿಮ್ಮದು.

ಚೆಂಡಿನ ಜಾಗ ಹೇಳುವುದೇ ಕಷ್ಟ. 1927ರ ಜನವರಿ 22ರಂದು ಬಿಬಿಸಿ ಮೊದಲ ಫುಟ್‌ಬಾಲ್ ಕಾಮೆಂಟರಿ ಬಿತ್ತರಿಸಿದಾಗ ಮೈದಾನವನ್ನು ಎಂಟು ಚೌಕ ಮಾಡಿ ಪತ್ರಿಕೆಯಲ್ಲಿ ನಕ್ಷೆ ಅಚ್ಚು ಹಾಕಿತ್ತು. ಒಬ್ಬರು ಆಟ ಹೇಳುತ್ತಿದ್ದರೆ ಇನ್ನೊಬ್ಬರು ಚೌಕದ ನಂಬರ್ ಕೂಗುತ್ತಿದ್ದರು. ನೀವು ಹಾಳೆಯ ಮೇಲೆ ಹಾಗೇ ಗೆರೆ ಎಳೆದು ಕಲಿಯಿರಿ, ಆದರೆ ಬಾಯಲ್ಲಿ ನಂಬರ್ ಬೇಡ. ‘ಎಡಗಡೆ’ ಎಂಬುದೂ ಬೇಡ, ಯಾರ ಎಡ ಎಂದು ಕೇಳುಗನಿಗೆ ತಿಳಿಯದು. ‘ಗುಡಿ ಕಡೆಯ ಗೋಲು’, ‘ರಸ್ತೆ ಕಡೆಯ ಗೆರೆ’ ಎಂದರೆ ಊರವರಿಗೆ ಚಿತ್ರ ಕಟ್ಟುತ್ತದೆ.

ಸ್ಕೋರ್ ಮರೆಯದಿರಲು ಅಮೆರಿಕದ ಬೇಸ್‌ಬಾಲ್ ಕಾಮೆಂಟೇಟರ್ ರೆಡ್ ಬಾರ್ಬರ್ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮರಳು ಇಳಿದಾಗಲೆಲ್ಲ ತಿರುಗಿಸಿ ಸ್ಕೋರ್ ಹೇಳುವುದು. ನಿಮಗೆ ಮೊಬೈಲ್ ಟೈಮರ್ ಸಾಕು, ಎರಡು ನಿಮಿಷಕ್ಕೆ ಇಡಿ. ಆಟಗಾರರ ಪಟ್ಟಿಯನ್ನು ದಪ್ಪ ಮಾರ್ಕರಿನಲ್ಲಿ ರಟ್ಟಿನ ಮೇಲೆ, ಅವರು ನಿಲ್ಲುವ ಜಾಗದಂತೆಯೇ ಬರೆಯಿರಿ. ಸಾಲಾಗಿ ಬರೆದರೆ ಹುಡುಕುವುದರೊಳಗೆ ಚೆಂಡು ಗೋಲಿಗೆ ಹೋಗಿರುತ್ತದೆ.

ಕುಸ್ತಿಗೆ ಹೋಗುವಿರಾದರೆ ಹಿಂದಿನ ದಿನವೇ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಕೂತು ಪಟ್ಟುಗಳ ಹೆಸರು ಕೇಳಿಕೊಳ್ಳಿ: ಢಾಕ್, ಘಿಸ್ಸಾ, ಏಕಲಂಗಿ. ಬೆಳಗಾವಿ ಕಣದಲ್ಲಿ ಘಿಸ್ಸಾ ಬಿದ್ದಾಗ ‘ಏನೋ ಒಂದು ಒಳ್ಳೆಯ ಪಟ್ಟು’ ಎಂದರೆ, ಮುಂದಿನ ಸಾಲಿನ ಹಳೆಯ ಪೈಲ್ವಾನರು ಆಮೇಲೆ ನಿಮ್ಮ ಮಾತಿಗೆ ಕಿವಿಗೊಡುವುದಿಲ್ಲ.