ಆಟದ ನಡುವೆ ಆಟಗಾರ ಕುಸಿದು ಬಿದ್ದರೆ ಪ್ರೇಕ್ಷಕರು ಏನು ಮಾಡ್ತಾರೆ?

ಮೊದಲು ಮೌನ. 2021ರ ಜೂನ್ 12, ಯೂರೋ ಕಪ್ ಫುಟ್‌ಬಾಲ್. ಬಳ್ಳಾರಿಯಲ್ಲಿ ಆಗ ಲಾಕ್‌ಡೌನ್; ಮನೆಮಂದಿಯೆಲ್ಲ ಟಿವಿ ಮುಂದೆ ಊಟಕ್ಕೆ ಕೂತಿದ್ದೆವು. ಕೋಪನ್‌ಹೇಗನ್‌ನಲ್ಲಿ ಫಿನ್‌ಲ್ಯಾಂಡ್ ವಿರುದ್ಧ ಆಡುತ್ತಿದ್ದ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್ ಹೃದಯ ನಿಂತು ದೊಪ್ಪನೆ ಬಿದ್ದರು. ಕೈಯಲ್ಲಿದ್ದ ಜೋಳದ ರೊಟ್ಟಿ ಹಾಗೇ ಉಳಿಯಿತು. ಜೊತೆಗಾರರು ಗೋಡೆಯಂತೆ ಸುತ್ತುವರಿದು ನಿಂತರು. ಮರೆ ಮಾಡಲು ಫಿನ್‌ಲ್ಯಾಂಡ್ ಅಭಿಮಾನಿಗಳು ತಮ್ಮ ಬಾವುಟವನ್ನೇ ಕೊಟ್ಟರು. ಎದುರಾಳಿಗಳ ಬಾವುಟ, ನೋಡಿ! ಆಮೇಲೆ ಅವರು ‘ಕ್ರಿಸ್ಟಿಯನ್’ ಅಂತ ಕೂಗಿದರೆ, ಡೆನ್ಮಾರ್ಕ್‌ನವರು ‘ಎರಿಕ್ಸನ್’ ಅಂತ ಓಗೊಟ್ಟರು. ಎಚ್ಚರ ಬಂದಿದೆ ಅಂತ ಗೊತ್ತಾದ ಮೇಲೆ ಅವತ್ತೇ ಆಟ ಮುಂದುವರಿಸಿದರು. ಅದು ನನಗಂತೂ ಸರಿ ಅನ್ನಿಸಲಿಲ್ಲ. ಫಿನ್‌ಲ್ಯಾಂಡ್ 1-0 ಗೆದ್ದಿತು. ಗೋಲು ಹೊಡೆದವರೂ ಕುಣಿಯಲಿಲ್ಲ.